ಅಂಟಾರ್ಟಿಕಾದಲ್ಲಿ ತೆಂಗಿತ್ತೇ? ಕಡಲ ತಳದ ಗೋಡಿನಲ್ಲಿದೆ ಉತ್ತರ

ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಈಚೆಗೆ ಒಂದು ಚಿತ್ರ ಬಂತು. ಹಿಂದೆ ಹಿಮದ ಬೆಟ್ಟ, ಮುಂದೆ ಸಾಲು ತೆಂಗಿನ ಮರ, ಅಡಿಯಲ್ಲಿ ಕೆಂಪು ಅಕ್ಷರಗಳಲ್ಲಿ ‘ಅಂಟಾರ್ಟಿಕಾದಲ್ಲಿ ತೆಂಗು ಬೆಳೆಯುತ್ತಿತ್ತು!’ ಎಂಬ ಸಾಲು. ತಿಪಟೂರು ತಾಲ್ಲೂಕಿನಲ್ಲಿ ತೆಂಗಿನ ಸುದ್ದಿ ಎಂದರೆ ಮನೆಯ ಸುದ್ದಿ, ಅದು ಅಂಟಾರ್ಟಿಕಾದಿಂದ ಬಂದರೂ ಅಷ್ಟೇ. ಸಂಜೆ ಕೊಬ್ಬರಿ ಅಟ್ಟದಿಂದ ಇಳಿದು ಬಂದ ಚಿಕ್ಕಪ್ಪ ನನ್ನನ್ನು ಕರೆದು ಕೇಳಿದರು: “ಇಲ್ಲಿ ನುಸಿಪೀಡೆಯಿಂದ ಮರ ಉಳಿಸಿಕೊಳ್ಳುವುದೇ ಕಷ್ಟವಾಗಿದೆ. ಅಲ್ಲಿ ಮಂಜುಗಡ್ಡೆಯಲ್ಲಿ ತೆಂಗು ಬೆಳೆದಿತ್ತಂತಲ್ಲ, ನೋಡಿ ಬಂದವರು ಯಾರಪ್ಪ?”

ಚಿತ್ರ ನಕಲಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಹಿಂದೆ ಒಂದು ನಿಜವಾದ ಸಂಶೋಧನೆಯಿದೆ. ಸುಮಾರು 5.3 ಕೋಟಿ ವರ್ಷಗಳ ಹಿಂದೆ ಅಂಟಾರ್ಟಿಕಾದ ಕರಾವಳಿಯಲ್ಲಿ ತಾಳೆ ಕುಟುಂಬದ, ಅಂದರೆ ಇಂದಿನ ತೆಂಗು, ಅಡಿಕೆ, ಈಚಲುಗಳ ಮನೆತನದ ಮರಗಳಿದ್ದವು. ಅಂದು ಅಲ್ಲಿ ಇಂದಿನಂತೆ ಹಿಮದ ಹೊದಿಕೆ ಇರಲಿಲ್ಲ. ಚಿಕ್ಕಪ್ಪನ ಪ್ರಶ್ನೆ ಮಾತ್ರ ಸರಿಯಾದ ಪ್ರಶ್ನೆ. ನೋಡಿದವರು ಯಾರೂ ಇಲ್ಲ, ಮನುಷ್ಯರೇ ಹುಟ್ಟಿರಲಿಲ್ಲ. ಹಾಗಾದರೆ ತಿಳಿದದ್ದು ಹೇಗೆ? ಕಡಲ ತಳದ ಕೆಸರಿನಲ್ಲಿ ಕೋಟಿಗಟ್ಟಲೆ ವರ್ಷ ಕೆಡದೆ ಉಳಿದ ಹೂವಿನ ಪರಾಗದಿಂದ.

ಕೆರೆಯ ಗೋಡಿನಿಂದ ಶುರು ಮಾಡೋಣ

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ಕಡೆ ತೋಟಕ್ಕೆ ಗೋಡು ಹೊಡೆಸುವುದು ವಾಡಿಕೆ. ಜೆಸಿಬಿ ಆಳುದ್ದ ತೋಡಿದ ಮೇಲೆ ಗುಂಡಿಯ ಗೋಡೆಯನ್ನು ಒಮ್ಮೆ ಗಮನಿಸಿ. ಮೇಲೆ ಬೂದು ಬಣ್ಣದ ನುಣುಪು ಮಣ್ಣು. ಅದರ ಕೆಳಗೆ ಒಂದು ಗೇಣು ಮರಳು. ಮತ್ತೆ ಕಪ್ಪು ಗೋಡು, ಅದರ ನಡುವೆ ಬಿಳಿ ಗೆರೆಯಂತೆ ಬಸವನಹುಳುವಿನ ಚಿಪ್ಪುಗಳು. ಜೋರು ಮಳೆ ಬಂದು ಹಳ್ಳ ಉಕ್ಕಿ ಹರಿದ ವರ್ಷ ಮರಳು ಬಂದು ಕೂರುತ್ತದೆ. ನೀರು ನಿಧಾನವಾಗಿ ಬಂದು ನಿಂತ ವರ್ಷ ನುಣುಪು ಮಣ್ಣು ಇಳಿಯುತ್ತದೆ. ಮೇಲಿನದು ಹೊಸದು, ಕೆಳಗಿನದು ಹಳೆಯದು. ಭೂವಿಜ್ಞಾನದ ಮೊದಲ ಪಾಠವೂ ಇದೇ.

ಮಣ್ಣಿನ ಜೊತೆ ಇನ್ನೊಂದು ವಸ್ತುವೂ ಕೆರೆಗೆ ಬರುತ್ತದೆ. ಮೇಲಿನ ಹೊಲದ ರಾಗಿ, ಬದುವಿನ ಹೊಂಗೆ, ಗೋಮಾಳದ ತಂಗಡಿ, ತೋಟದ ತೆಂಗು ಎಲ್ಲವೂ ಹೂ ಬಿಟ್ಟಾಗ ಪರಾಗ ಉದುರುತ್ತದೆ. ಒಂದಿಷ್ಟನ್ನು ಜೇನು ಒಯ್ಯುತ್ತದೆ, ಒಂದಿಷ್ಟನ್ನು ಗಾಳಿ ಒಯ್ಯುತ್ತದೆ, ಉಳಿದದ್ದನ್ನು ಮಳೆನೀರು ತೊಳೆದು ಕೆರೆಗೆ ತರುತ್ತದೆ. ಅಂದರೆ ಕೆರೆಯ ಗೋಡಿನ ಒಂದೊಂದು ಪದರದಲ್ಲೂ ಆಯಾ ಕಾಲದಲ್ಲಿ ಮೇಲಿನ ಸೀಮೆಯಲ್ಲಿ ಏನು ಬೆಳೆದಿತ್ತು ಎಂಬ ಲೆಕ್ಕ ಸೇರಿಕೊಂಡಿರುತ್ತದೆ.

ನಮ್ಮ ಕೆರೆಗಳಲ್ಲಿ ಒಂದು ತೊಂದರೆಯಿದೆ. ಬೇಸಿಗೆ ಬೇಸಿಗೆಗೆ ಒಣಗಿ ಬಿರುಕು ಬಿಡುವ ಗೋಡಿಗೆ ಗಾಳಿ ಹೊಕ್ಕು ಪರಾಗ ಕೊಳೆತು ಹೋಗುತ್ತದೆ. ಸದಾ ನೀರು ನಿಂತ, ಗಾಳಿಯಾಡದ ಕೆಸರು ಬೇಕು. ಆ ಲೆಕ್ಕದಲ್ಲಿ ಕಡಲು ಎಂದರೆ ಎಂದೂ ಬತ್ತದ, ಯಾರೂ ಗೋಡು ಎತ್ತದ ಕೆರೆ. ಒಂದು ಇಡೀ ಖಂಡದ ನದಿಗಳು ತಂದು ಸುರಿದದ್ದೆಲ್ಲ ಅದರ ತಳದಲ್ಲಿ ಪದರ ಪದರವಾಗಿ ಕೂತಿದೆ.

ಹಳದಿ ಪುಡಿಯೊಳಗೆ ಏನಿದೆ?

ಪರಾಗ ಎಂದರೆ ಗಂಡು ಹೂವಿನ ಅಥವಾ ಹೂವಿನ ಗಂಡು ಭಾಗದ ಪುಡಿ. ಒಂದೊಂದು ಕಣದ ಒಳಗೂ ಗಂಡು ಜೀವಕೋಶವಿರುತ್ತದೆ. ಜರೀಗಿಡ, ಪಾಚಿಗಳಂಥ ಹೂ ಬಿಡದ ಸಸ್ಯಗಳಲ್ಲಿ ಪರಾಗವಿಲ್ಲ; ಅವು ಬೀಜಾಣುಗಳಿಂದ ಹರಡುತ್ತವೆ. ಇವೆರಡನ್ನೂ ಹಿಡಿದು ಹಿಂದಿನ ಕಾಲದ ಸಸ್ಯಲೋಕವನ್ನು ಅರಿಯುವ ಶಾಖೆಗೆ ಪರಾಗವಿಜ್ಞಾನ ಎಂದು ಹೆಸರು. ಸ್ವೀಡನ್ನಿನ ಲೆನಾರ್ಟ್ ಫಾನ್ ಪೋಸ್ಟ್ ಎಂಬ ಭೂವಿಜ್ಞಾನಿ 1916ರಲ್ಲಿ ಜವುಗು ನೆಲದ ಪರಾಗವನ್ನು ಪದರವಾರು ಎಣಿಸಿ ನಕ್ಷೆ ಮಾಡಿ ತೋರಿಸಿದ ಮೇಲೆ ಇದು ಕ್ರಮಬದ್ಧ ವಿಧಾನವಾಯಿತು. ನಮ್ಮ ದೇಶದಲ್ಲಿ ಸಸ್ಯ ಪಳೆಯುಳಿಕೆಗಳ ಅಧ್ಯಯನಕ್ಕೆಂದೇ ಬೀರ್‌ಬಲ್ ಸಾಹ್ನಿ ಅವರು 1946ರಲ್ಲಿ ಲಖನೌದಲ್ಲಿ ಸಂಸ್ಥೆಯೊಂದನ್ನು ಕಟ್ಟಿದರು. ಅದು ಈಗ ಅವರ ಹೆಸರಿನಲ್ಲೇ ಇದೆ.

ಕಣಗಳು ಎಷ್ಟು ಸಣ್ಣವು? ಬಹುಪಾಲು ಪರಾಗಕಣಗಳು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಹತ್ತನೇ ಒಂದು ಭಾಗದವರೆಗೆ ಇರುತ್ತವೆ. ತಲೆಗೂದಲಿನ ದಪ್ಪ ಹೆಚ್ಚು ಕಡಿಮೆ ಇದರ ನಡುವೆ ಬರುತ್ತದೆ.

ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಗೆಳೆಯರೊಬ್ಬರ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಇದನ್ನು ನೋಡಿದೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರು, ಅದರಲ್ಲಿ ಶಾಲೆಯ ಬೇಲಿಯ ದಾಸವಾಳದ ಪರಾಗ. ಕದಂಬದ ಹೂವಿನಂತೆ ಸುತ್ತಲೂ ಮುಳ್ಳಾಡಿದ ದುಂಡನೆಯ ಚೆಂಡು. ಇನ್ನೊಂದು ಪಟ್ಟಿಯಲ್ಲಿ ತೆಂಗಿನ ಹೊಂಬಾಳೆಯನ್ನು ಕೊಡವಿದ ಪುಡಿ. ಅದು ಬೇರೆಯೇ ಆಕಾರ: ಉದ್ದನೆಯ ಕಣ, ಅದರ ಬೆನ್ನುದ್ದಕ್ಕೂ ಒಂದೇ ಗೀರು, ಥೇಟ್ ಗೋಧಿ ಕಾಳಿನ ಗೀರಿನಂತೆ. ಹುಲ್ಲಿನ ಜಾತಿಯದು, ಅಂದರೆ ರಾಗಿ, ಜೋಳ, ಭತ್ತದ್ದು, ನುಣುಪಾದ ಗುಂಡು. ಒಂದು ಕಡೆ ಮಾತ್ರ ಸಣ್ಣ ತೂತು. ಚಿತ್ರಗಳಲ್ಲಿ ನೋಡಿದ ಪೈನ್ ಮರದ ಪರಾಗಕ್ಕೆ ಎರಡು ಕಡೆ ಎರಡು ಗಾಳಿಚೀಲಗಳಿರುತ್ತವೆ. ಬೂರುಗದ ಜಾತಿಯದು ಮೂರು ಮೂಲೆಯದು, ಮೇಲೆ ಬಲೆಯಂಥ ನೇಯ್ಗೆ. ಕೊಬ್ಬರಿ ಮಂಡಿಯಲ್ಲಿ ಕೈಗೆತ್ತಿಕೊಂಡ ಕೂಡಲೇ ಇದು ಯಾವ ಕಡೆಯ ಮಾಲು ಎಂದು ಹೇಳುವವರಿದ್ದಾರೆ. ಪರಾಗ ಓದುವವರ ಕಣ್ಣೂ ಹೀಗೆಯೇ ವರ್ಷಗಟ್ಟಲೆ ಪಳಗಿರುತ್ತದೆ.

ಇಷ್ಟು ಸಣ್ಣ ವಸ್ತು ಕೋಟಿ ವರ್ಷ ಉಳಿಯುವುದು ಹೇಗೆ ಎಂಬುದಕ್ಕೆ ಉತ್ತರ ನಮ್ಮ ತಿಪ್ಪೆಯಲ್ಲೇ ಇದೆ. ತೆಂಗಿನಕಾಯಿಯ ತಿರುಳು ಎರಡು ದಿನಕ್ಕೆ ಕೆಡುತ್ತದೆ, ಕರಟ ವರ್ಷಗಟ್ಟಲೆ ಬಿದ್ದಿರುತ್ತದೆ. ಪರಾಗಕಣದಲ್ಲೂ ಒಳಗಿನ ಜೀವದ್ರವ್ಯ ಬೇಗ ಕೊಳೆಯುತ್ತದೆ, ಹೊರಗಿನ ಕವಚ ನಿಲ್ಲುತ್ತದೆ. ಆ ಕವಚದ ವಸ್ತುವಿಗೆ ಸ್ಪೋರೋಪೊಲೆನಿನ್ ಎಂದು ಹೆಸರು. ಜೀವಿಗಳು ತಯಾರಿಸುವ ವಸ್ತುಗಳಲ್ಲಿ ಇಷ್ಟು ಗಟ್ಟಿಯಾದವು ಬಲು ಕಡಿಮೆ. ಕಲ್ಲನ್ನು ಕರಗಿಸುವ ಆಮ್ಲದಲ್ಲಿ ಅದ್ದಿದರೂ ಅದು ಕರಗುವುದಿಲ್ಲ. ಅದಕ್ಕಿರುವ ಶತ್ರು ಗಾಳಿಯ ಆಮ್ಲಜನಕ ಮತ್ತು ಭೂಮಿಯೊಳಗಿನ ಅತಿ ಶಾಖ. ಇವೆರಡರಿಂದ ದೂರ ಇಟ್ಟರೆ ಕಣದ ಮೈಮೇಲಿನ ಮುಳ್ಳು, ಗೀರು, ಬಲೆ ಎಲ್ಲವೂ ಹಾಗೆಯೇ ಉಳಿಯುತ್ತವೆ.

ನೆಲ ಬಿಟ್ಟು ಕಡಲಿಗೇಕೆ ಹೋಗಬೇಕು?

ಅಂಟಾರ್ಟಿಕಾದ ಶೇ 98ರಷ್ಟು ನೆಲ ಮಂಜುಗಡ್ಡೆಯ ಅಡಿಯಲ್ಲಿದೆ. ಆ ಗಡ್ಡೆಯ ಸರಾಸರಿ ದಪ್ಪ ಸುಮಾರು ಎರಡು ಕಿಲೋಮೀಟರ್. ಅದನ್ನು ಕೊರೆದು ಕೆಳಗಿಳಿದರೂ ಮಣ್ಣು ಸಿಗುವ ಭರವಸೆಯಿಲ್ಲ, ಏಕೆಂದರೆ ಆ ಗಡ್ಡೆ ಒಂದೆಡೆ ನಿಲ್ಲುವುದಿಲ್ಲ. ಬಲು ನಿಧಾನವಾಗಿ ಕಡಲಿನ ಕಡೆಗೆ ಜಾರುತ್ತ, ಕುಂಟೆ ಹೊಡೆದಂತೆ ನೆಲವನ್ನು ಕೆರೆಯುತ್ತ ಹೋಗುತ್ತದೆ. ಹಳೆಯ ಮಣ್ಣು, ಬೇರು, ಎಲೆ ಎಲ್ಲವನ್ನೂ ತಳ್ಳಿಕೊಂಡು ಹೋಗಿ ಕಡಲಂಚಿನಲ್ಲಿ ಸುರಿಯುತ್ತದೆ. ಮಂಜುಗಡ್ಡೆ ಹುಟ್ಟುವ ಮೊದಲಿನ ಕಾಲದಲ್ಲಿ ಆ ಕೆಲಸವನ್ನು ನದಿಗಳು ಮಾಡುತ್ತಿದ್ದವು. ಯಾವ ಕಾಲದ್ದಾದರೂ ಕಾಗದಪತ್ರ ಕೊನೆಗೆ ಸೇರುವುದು ಒಂದೇ ಕಚೇರಿಗೆ, ಕಡಲ ತಳಕ್ಕೆ.

ತರುವುದು ಸುಲಭವಲ್ಲ. ಹಡಗಿನಿಂದ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುತ್ತ ಕಡಲ ತಳಕ್ಕೆ ಇಳಿಸಬೇಕು. ನಮ್ಮ ಬೋರ್‌ವೆಲ್ ಲಾರಿಯ ಕೆಲಸವೇ, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ನಮ್ಮ ಬೋರ್‌ವೆಲ್‌ನಲ್ಲಿ ಕಲ್ಲು ಪುಡಿಯಾಗಿ ಹಾರಿ ಬರುತ್ತದೆ. ಇಲ್ಲಿ ಹಾಗಾಗಬಾರದು; ಮಣ್ಣು ಪದರ ಕದಡದಂತೆ ಕಂಬದ ಹಾಗೆ ಇಡಿಯಾಗಿ ಮೇಲೆ ಬರಬೇಕು. ಗೋಧಿ ಮೂಟೆಗೆ ಕೊಳವೆ ಚುಚ್ಚಿ ಒಳಗಿನ ಮಾಲಿನ ಮಾದರಿ ತೆಗೆಯುತ್ತಾರಲ್ಲ, ಆ ಬಗೆ. ಹೀಗೆ ಬಂದ ಮಣ್ಣಿನ ಕಂಬವನ್ನು ಉದ್ದಕ್ಕೆ ಸೀಳುತ್ತಾರೆ. ಒಂದು ಅರ್ಧ ಅಧ್ಯಯನಕ್ಕೆ, ಇನ್ನೊಂದು ಅರ್ಧ ಮುಂದಿನವರಿಗಾಗಿ ಉಗ್ರಾಣಕ್ಕೆ.

2010ರ ಆರಂಭದಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಎಂಬ ಕೊರೆಯುವ ಹಡಗು ಪೂರ್ವ ಅಂಟಾರ್ಟಿಕಾದ ವಿಲ್ಕ್ಸ್ ಲ್ಯಾಂಡ್ ತೀರದಾಚೆ ಸುಮಾರು ನಾಲ್ಕು ಕಿಲೋಮೀಟರ್ ನೀರನ್ನು ದಾಟಿ, ಅದರ ಕೆಳಗೆ ಮತ್ತೆ ಸುಮಾರು ಒಂದು ಕಿಲೋಮೀಟರ್ ಕೊರೆಯಿತು. ನಮ್ಮ ಸೀಮೆಯಲ್ಲಿ ಸಾವಿರ ಅಡಿಗೆ ನೀರು ಸಿಗದಿದ್ದರೆ ಕೈಚೆಲ್ಲಿ ಕೂರುತ್ತೇವೆ. ಈ ಕೊಳವೆಯ ಒಟ್ಟು ಉದ್ದ ಹದಿನಾರು ಸಾವಿರ ಅಡಿ ದಾಟುತ್ತದೆ.

ಕೆಸರಿನಿಂದ ಗಾಜಿನ ಪಟ್ಟಿಗೆ

ಪ್ರಯೋಗಾಲಯದ ಕೆಲಸ ಒಂದು ರೀತಿಯಲ್ಲಿ ರಾಗಿ ಹಸನು ಮಾಡಿದಂತೆ. ಬೇಡದ್ದನ್ನು ಒಂದೊಂದಾಗಿ ಕಳೆಯುತ್ತ ಹೋಗಬೇಕು. ಕೆಲವು ಗ್ರಾಂ ಕೆಸರನ್ನು ತೊಳೆದು, ಮೊದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತಾರೆ. ಚಿಪ್ಪು, ಸುಣ್ಣದ ಅಂಶವೆಲ್ಲ ಬುರುಗೆದ್ದು ಕರಗುತ್ತದೆ. ಆಮೇಲೆ ಹೈಡ್ರೋಫ್ಲೋರಿಕ್ ಆಮ್ಲ. ಇದು ಮರಳನ್ನೂ ಜೇಡಿಯನ್ನೂ ಕರಗಿಸುತ್ತದೆ. ಗಾಜನ್ನೂ ಬಿಡುವುದಿಲ್ಲವಾದ್ದರಿಂದ ಪ್ಲಾಸ್ಟಿಕ್ ಪಾತ್ರೆಯಲ್ಲೇ ಇಡಬೇಕು. ಚರ್ಮಕ್ಕೆ ತಗುಲಿದರೆ ಮೂಳೆಯವರೆಗೂ ಅಪಾಯ. ಇಷ್ಟಾದ ಮೇಲೂ ಪಾತ್ರೆಯ ತಳದಲ್ಲಿ ಉಳಿಯುವುದು ಪರಾಗ, ಬೀಜಾಣು, ಇದ್ದಿಲಿನ ಚೂರು ಮತ್ತು ಅಂಥದೇ ಕವಚವಿರುವ ಕೆಲವು ಕಡಲ ಸೂಕ್ಷ್ಮಜೀವಿಗಳು. ಬಹಳ ಸಣ್ಣ ಕಣ್ಣಿನ ಜರಡಿ ಹಿಡಿದು ಧೂಳು ಕಳೆದರೆ ಸಿಗುವುದು ಒಂದು ಚಿಟಿಕೆ ಕಂದು ಲೇಪ.

ಮುಂದಿನದು ಎಣಿಕೆ. ಒಂದು ಮಾದರಿಯಲ್ಲಿ ಸಾಮಾನ್ಯವಾಗಿ ಇನ್ನೂರು ಮುನ್ನೂರು ಕಣಗಳನ್ನಾದರೂ ಒಂದೊಂದಾಗಿ ಗುರುತಿಸಿ ಬರೆದುಕೊಳ್ಳುತ್ತಾರೆ. ಆದರೆ ಇದರಿಂದ ಸಿಗುವುದು ಪಾಲು ಮಾತ್ರ: ನೂರಕ್ಕೆ ಇಷ್ಟು ಜರೀಗಿಡ, ಇಷ್ಟು ತಾಳೆ. ಒಂದು ಗ್ರಾಂ ಕೆಸರಿನಲ್ಲಿ ಒಟ್ಟು ಎಷ್ಟು ಕಣಗಳಿದ್ದವು? ಅದನ್ನು ತಿಳಿಯಲು ಒಂದು ಜಾಣ ಉಪಾಯವಿದೆ. ಒಂದು ಮೂಟೆ ಅವರೆಕಾಳಿಗೆ ಕೆಂಪು ಬಣ್ಣ ಹಚ್ಚಿದ ಸಾವಿರ ಕಾಳು ಬೆರೆಸಿ ಚೆನ್ನಾಗಿ ಕಲಸಿ. ಈಗ ಒಂದು ಬೊಗಸೆ ತೆಗೆದರೆ ಅದರಲ್ಲಿ 10 ಕೆಂಪು, 200 ಬಿಳಿ ಬಂದವು ಎನ್ನಿ. ಕೆಂಪಿನಲ್ಲಿ ನೂರರ ಒಂದು ಪಾಲು ಕೈಗೆ ಬಂದಿದೆ. ಹಾಗಾದರೆ ಬಿಳಿಯದೂ ಅಷ್ಟೇ ಪಾಲು. ಮೂಟೆಯಲ್ಲಿರುವುದು ಸುಮಾರು 20 ಸಾವಿರ. ಪರಾಗದವರು ಕೆಂಪು ಕಾಳಿನ ಬದಲು ಲೈಕೋಪೋಡಿಯಂ ಎಂಬ ಸಣ್ಣ ಸಸ್ಯದ ಬೀಜಾಣುಗಳನ್ನು ಲೆಕ್ಕ ಹಾಕಿ ತಯಾರಿಸಿದ ಮಾತ್ರೆಯನ್ನು ಮೊದಲೇ ಬೆರೆಸಿರುತ್ತಾರೆ.

ಪದರದ ವಯಸ್ಸು ಪರಾಗದಿಂದಲೇ ತಿಳಿಯುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿಗಳು ಬೇಕು. ಭೂಮಿಯ ಕಾಂತಕ್ಷೇತ್ರ ಆಗಾಗ ತಿರುಗುಮುರುಗಾಗಿದೆ. ಕೆಸರಿನೊಳಗಿನ ಕಬ್ಬಿಣದ ಕಣಗಳು ಆಯಾ ಕಾಲದ ದಿಕ್ಕನ್ನು ಹಿಡಿದಿಟ್ಟುಕೊಂಡಿರುತ್ತವೆ. ಯಾವ ಕಾಲದಲ್ಲಿ ಹುಟ್ಟಿ ಯಾವ ಕಾಲದಲ್ಲಿ ಅಳಿದವು ಎಂದು ಗೊತ್ತಿರುವ ಕಡಲ ಸೂಕ್ಷ್ಮಜೀವಿಗಳೂ ನೆರವಿಗೆ ಬರುತ್ತವೆ.

ಮರ ನೋಡಿ ಹವೆ ಹೇಳುವುದು

ತುಮಕೂರು ಜಿಲ್ಲೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಈ ವಿದ್ಯೆಯ ಅರ್ಧ ಅರ್ಥವಾಗುತ್ತದೆ. ಗುಬ್ಬಿ, ತಿಪಟೂರಿನ ಕಡೆ ತೆಂಗು, ಅಡಿಕೆ ಕಂಡರೆ ನೀರಿದೆ ಎಂದುಕೊಳ್ಳುತ್ತೇವೆ. ಪಾವಗಡದ ಬಯಲಿಗೆ ಹೋದರೆ ಜಾಲಿ, ಕುರುಚಲು ಕಂಡು ಮಳೆ ಕಡಿಮೆ ಎಂದು ಯಾರೂ ಹೇಳದೆಯೇ ತಿಳಿಯುತ್ತದೆ. ಪರಾಗವಿಜ್ಞಾನಿ ಮಾಡುವುದೂ ಇದನ್ನೇ, ಕಿಟಕಿ ಮಾತ್ರ ಕೋಟಿ ವರ್ಷ ಹಿಂದಕ್ಕೆ ತೆರೆದಿರುತ್ತದೆ.

ಕ್ರಮ ಹೀಗೆ. ಹಳೆಯ ಪರಾಗ ಯಾವ ಕುಟುಂಬದ್ದು ಎಂದು ಗುರುತಿಸಬೇಕು. ಆ ಕುಟುಂಬದ ಈಗಿನ ಬಂಧುಗಳು ಎಂಥ ಚಳಿ, ಎಂಥ ಮಳೆ ತಡೆಯುತ್ತವೆ ಎಂದು ನೋಡಬೇಕು. ಒಂದೇ ಪದರದಲ್ಲಿ ಸಿಕ್ಕ ಹತ್ತಾರು ಸಸ್ಯಗಳಿಗೂ ಒಟ್ಟಿಗೆ ಒಗ್ಗುವ ಹವೆ ಯಾವುದು ಎಂದು ಹುಡುಕಬೇಕು. ಮದುವೆಯ ಮುಹೂರ್ತ ಹುಡುಕಿದ ಹಾಗೆ ಎನ್ನಬಹುದು: ಎರಡೂ ಕಡೆಯವರಿಗೆ ಅನುಕೂಲವಾದ ದಿನ ಒಂದೋ ಎರಡೋ ಉಳಿಯುತ್ತದೆ.

ತಾಳೆ ಕುಟುಂಬ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ಮರಕ್ಕೆ ಬೆಳೆಯುವ ಸುಳಿ ಸಾಮಾನ್ಯವಾಗಿ ಒಂದೇ. ಸುಳಿ ಕೊಳೆತರೆ ಮರ ಹೋಯಿತು ಎಂಬುದು ನಮ್ಮ ತೆಂಗು ಬೆಳೆಗಾರರಿಗೆ ಗೊತ್ತಿರುವ ಮಾತೇ. ನೀರು ಹೆಪ್ಪುಗಟ್ಟುವ ಚಳಿ ದೀರ್ಘಕಾಲ ಹಿಡಿದರೆ ಅದಕ್ಕೂ ಅದೇ ಗತಿ. ಆದ್ದರಿಂದ ಎಲ್ಲಿ ತಾಳೆಯ ಪರಾಗವಿದೆಯೋ ಅಲ್ಲಿ ಕಠಿಣ ಚಳಿಗಾಲ ಇರಲಿಲ್ಲ ಎನ್ನಲು ಬರುತ್ತದೆ. ಆದರೆ ಆ ಗೀರಿನ ಕಣವನ್ನು ನೋಡಿ ‘ಇದು ತಾಳೆ ಕುಟುಂಬ’ ಎನ್ನಬಹುದೇ ಹೊರತು ‘ಇದು ತೆಂಗು’ ಎನ್ನಲಾಗದು. ವಾಟ್ಸ್‌ಆ್ಯಪ್ ಚಿತ್ರ ಎಡವಿದ್ದು ಇಲ್ಲಿ. ಮನೆತನದ ಹೆಸರು ಸಿಕ್ಕಿದೆ, ಆಸಾಮಿಯ ಹೆಸರು ಸಿಕ್ಕಿಲ್ಲ.

ದಕ್ಷಿಣ ಧ್ರುವದ ಎರಡು ಕಾಡುಗಳು

ವಿಲ್ಕ್ಸ್ ಲ್ಯಾಂಡ್‌ನ ಕೆಸರಿನ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಸುಮಾರು 5.3 ಕೋಟಿ ವರ್ಷ ಹಿಂದಿನ ಪದರಗಳಲ್ಲಿ ಎರಡು ಬಗೆಯ ಕಾಡುಗಳ ಪರಾಗ ಬೆರೆತಿತ್ತು. ಕರಾವಳಿಯ ತಗ್ಗಿನಲ್ಲಿ ತಾಳೆ ಕುಟುಂಬದ ಮರಗಳು ಮತ್ತು ಬೂರುಗದ ಬಳಗದವು. ಸವಣೂರಿನ ಪ್ರಸಿದ್ಧ ದೊಡ್ಡಹುಣಸೆ ಮರಗಳೂ ಇದೇ ಬೂರುಗದ ಬಳಗ. ಒಳನಾಡಿನ ಎತ್ತರದ, ತಂಪಾದ ಜಾಗದಲ್ಲಿ ನೊಥೋಫಾಗಸ್ ಎಂಬ ದಕ್ಷಿಣ ಗೋಳಾರ್ಧದ ಮರ ಮತ್ತು ಅರಕೇರಿಯದ ಬಂಧುಗಳು. ನಮ್ಮ ಪಾರ್ಕುಗಳಲ್ಲಿ ಕ್ರಿಸ್‌ಮಸ್ ಮರ ಎಂದು ನೆಡುವ, ಮೆಟ್ಟಿಲು ಮೆಟ್ಟಿಲಾಗಿ ಕೊಂಬೆ ಚಾಚುವ ಮರವಿದೆಯಲ್ಲ, ಅದೇ ಅರಕೇರಿಯ. ತೀರದಲ್ಲಿ ಅತ್ಯಂತ ಚಳಿಯ ತಿಂಗಳಲ್ಲೂ ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿತ್ತು ಎಂದು ಸಂಶೋಧಕರು ಲೆಕ್ಕ ಹಾಕಿದರು.

ಪರಾಗವೊಂದನ್ನೇ ನೆಚ್ಚಿ ಈ ಅಂಕಿ ಕೊಟ್ಟಿಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ತಮ್ಮ ಮೈಪೊರೆಯ ಕೊಬ್ಬನ್ನು ಹವೆಯ ಶಾಖಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತವೆ. ಅವು ಸತ್ತ ಮೇಲೂ ಆ ಕೊಬ್ಬಿನ ಅಣುಗಳು ಕೆಸರಿನಲ್ಲಿ ಉಳಿಯುತ್ತವೆ. ತುಪ್ಪ ಬೇಸಿಗೆಯಲ್ಲಿ ನೀರಾಗಿ, ಮಾಗಿಯಲ್ಲಿ ಗಟ್ಟಿಯಾಗುವುದನ್ನು ನೋಡಿದವರಿಗೆ ಕೊಬ್ಬಿಗೂ ಚಳಿಗೂ ಇರುವ ನಂಟು ಹೊಸದಲ್ಲ. ಪರಾಗವೂ ಈ ಅಣುಗಳೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಮಾತು ಹೇಳಿದವು.

ಎರಡನೆಯದು ಇನ್ನೂ ಹಳೆಯ ಕಾಡು, ಡೈನೋಸಾರ್‌ಗಳ ಕಾಲದ್ದು. 2017ರಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ಪಶ್ಚಿಮ ಅಂಟಾರ್ಟಿಕಾದ ಅಮುಂಡ್ಸೆನ್ ಕಡಲಿಗೆ ಹೋಗಿತ್ತು. ಅದರಲ್ಲಿದ್ದ ವಿಜ್ಞಾನಿಗಳು ಕೊರೆಯುವ ಯಂತ್ರವನ್ನೇ ಕಡಲ ತಳಕ್ಕೆ ಇಳಿಸಿದರು. ತಳದಿಂದ 27–30 ಮೀಟರ್ ಕೆಳಗೆ ಬಣ್ಣವೇ ಬೇರೆಯಾದ ಒಂದು ಪದರ ಸಿಕ್ಕಿತು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಾಡುವ ಸಿ.ಟಿ. ಸ್ಕ್ಯಾನನ್ನು ಆ ಮಣ್ಣಿನ ಕಂಬಕ್ಕೆ ಮಾಡಿದಾಗ ಕಂಡದ್ದು ಹೆಣೆದುಕೊಂಡ ಬೇರುಗಳ ಜಾಲ. ಕಾಡಿನ ನೆಲವೇ ಇಡಿಯಾಗಿ, ಬೇರು ಬಿಟ್ಟ ಹಾಗೆಯೇ ಸಿಕ್ಕಿತ್ತು. ಪರಾಗ, ಬೀಜಾಣು ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಬಗೆಗಳನ್ನು ಎಣಿಸಿದರು. ಸುಮಾರು 9 ಕೋಟಿ ವರ್ಷಗಳ ಹಿಂದೆ ಅಲ್ಲಿದ್ದದ್ದು ಕೋನಿಫರ್ ಎಂಬ ಪೈನ್ ಬಳಗದ ಮರಗಳೂ ಜರೀಗಿಡಗಳೂ ದಟ್ಟೈಸಿದ, ಜೌಗು ನೆಲದ ಮಳೆಕಾಡು. ದಕ್ಷಿಣ ಧ್ರುವಕ್ಕೆ ಆಗ ಅದು ಇದ್ದ ದೂರ ಸುಮಾರು 900 ಕಿಲೋಮೀಟರ್. ವರ್ಷದ ಸರಾಸರಿ ಉಷ್ಣತೆ 12 ಡಿಗ್ರಿಯ ಆಸುಪಾಸು, ಅಂದರೆ ತಿಪಟೂರಿನ ಧನುರ್ಮಾಸದ ನಸುಕಿಗಿಂತ ಸ್ವಲ್ಪ ಹೆಚ್ಚು ಚಳಿ, ಅಷ್ಟೇ.

ನನಗೆ ಇದರಲ್ಲಿ ಹೆಚ್ಚು ಅಚ್ಚರಿ ತಂದದ್ದು ಶಾಖವಲ್ಲ, ಕತ್ತಲೆ. ಧ್ರುವದ ಅಷ್ಟು ಹತ್ತಿರದಲ್ಲಿ ವರ್ಷಕ್ಕೆ ಸುಮಾರು ನಾಲ್ಕು ತಿಂಗಳು ಸೂರ್ಯ ಮೂಡುವುದೇ ಇಲ್ಲ. ಆ ನಾಲ್ಕು ತಿಂಗಳು ಬೆಳಕಿಲ್ಲದೆ ಒಂದು ಕಾಡು ನಿಂತಿತ್ತು, ಮತ್ತೆ ಬೆಳಕು ಬಂದಾಗ ಚಿಗುರುತ್ತಿತ್ತು.

ಉತ್ತರದಲ್ಲಿ ಅಜೋಲಾ

ಉತ್ತರ ಧ್ರುವದಲ್ಲಿ ನೆಲವಿಲ್ಲ, ಹೆಪ್ಪುಗಟ್ಟಿದ ಕಡಲು. 2004ರಲ್ಲಿ ಮೂರು ಹಡಗುಗಳು ಒಟ್ಟಿಗೆ ಹೋದವು. ಎರಡು ಹಡಗುಗಳು ತೇಲಿ ಬರುವ ಮಂಜುಗಡ್ಡೆಯನ್ನು ಒಡೆಯುತ್ತ ಕಾವಲು ನಿಂತವು, ಮೂರನೆಯದು ನಿಂತು ಲೊಮೊನೊಸೊವ್ ಎಂಬ ಕಡಲಡಿಯ ಬೆಟ್ಟಸಾಲನ್ನು ಕೊರೆಯಿತು. ಆ ಕೆಸರಿನಲ್ಲಿ ತಾಳೆಯ ಪರಾಗವೂ ಸಿಕ್ಕಿತು. ಅದಕ್ಕಿಂತ ಹೆಚ್ಚು ಹೆಸರಾದದ್ದು ಸುಮಾರು 4.9 ಕೋಟಿ ವರ್ಷ ಹಿಂದಿನ, ಕನಿಷ್ಠ 8 ಮೀಟರ್ ದಪ್ಪದ ಪದರ. ಅದರ ತುಂಬ ಅಜೋಲಾದ ಬೀಜಾಣುಗಳು.

ಅಜೋಲಾ ಯಾವುದು ಎಂದು ಹಾಲು ಹಾಕುವ ಮನೆಗಳಿಗೆ ಹೇಳಬೇಕಾಗಿಲ್ಲ. ಚಿಕ್ಕಪ್ಪನ ಕೊಟ್ಟಿಗೆಯ ಪಕ್ಕ, ತೆಂಗಿನ ನೆರಳಿನಲ್ಲಿ, ಇಟ್ಟಿಗೆ ಜೋಡಿಸಿ ಟಾರ್ಪಾಲು ಹಾಸಿದ ತೊಟ್ಟಿಯಲ್ಲಿ ಹಸಿರು ಕಂಬಳಿ ಹೊದ್ದಂತೆ ತೇಲುವುದು ಅದೇ. ನೀರಿನ ಮೇಲೆ ಬೆಳೆಯುವ ಪುಟ್ಟ ಜರೀಗಿಡ. ಒಂದು ಬುಟ್ಟಿ ಎತ್ತಿದರೆ ಕೆಲವೇ ದಿನಗಳಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಉಪ್ಪುನೀರು ಆಗುವುದಿಲ್ಲ. ಕಡಲ ನಡುವೆ ಅಜೋಲಾ ಬೆಳೆದಿತ್ತು ಎಂದರೆ, ಅಂದಿನ ಆರ್ಕ್ಟಿಕ್ ಕಡಲು ಬಹುಪಾಲು ನೆಲದಿಂದ ಸುತ್ತುವರಿದು, ನದಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿತ್ತು ಎಂದರ್ಥ. ಸುಮಾರು ಎಂಟು ಲಕ್ಷ ವರ್ಷ, ಮತ್ತೆ ಮತ್ತೆ ಹೀಗಾಯಿತು. ಹಾಗೆ ಬೆಳೆದು ಮುಳುಗಿದ ಅಜೋಲಾ ಗಾಳಿಯ ಇಂಗಾಲವನ್ನು ಹೀರಿ ಭೂಮಿಯನ್ನೇ ತಂಪಾಗಿಸಿತು ಎಂದು ವಾದಿಸುವವರಿದ್ದಾರೆ. ಎಷ್ಟರ ಮಟ್ಟಿಗೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಅಡ್ಡ ಪ್ರಶ್ನೆಗಳು

ಇಷ್ಟು ಹೇಳಿದಾಗ ಚಿಕ್ಕಪ್ಪ ಮೂರು ಪ್ರಶ್ನೆ ಹಾಕಿದರು. ಮೂರೂ ವಿಜ್ಞಾನಿಗಳೇ ತಮಗೆ ತಾವು ಹಾಕಿಕೊಂಡವು.

ಖಂಡಗಳು ಚಲಿಸುತ್ತವಂತಲ್ಲ, ಅಂಟಾರ್ಟಿಕಾ ಆಗ ಬೆಚ್ಚಗಿನ ಕಡೆ ಇದ್ದಿರಬಹುದಲ್ಲವೇ? ಇಲ್ಲ. ನಮ್ಮ ಭಾರತ ಒಂದು ಕಾಲಕ್ಕೆ ಅಂಟಾರ್ಟಿಕಾಕ್ಕೆ ಅಂಟಿಕೊಂಡಿತ್ತು, ಸುಮಾರು 13 ಕೋಟಿ ವರ್ಷಗಳ ಹಿಂದೆ ಬೇರೆಯಾಗಿ ಉತ್ತರಕ್ಕೆ ಹೊರಟಿತು. ಅಂಟಾರ್ಟಿಕಾ ಮಾತ್ರ ಈ ಕಾಡುಗಳ ಕಾಲಕ್ಕಾಗಲೇ ಧ್ರುವದ ಬಳಿ ನೆಲೆನಿಂತಿತ್ತು. ಅಮುಂಡ್ಸೆನ್ ಕಾಡು ಇದ್ದದ್ದು ಸುಮಾರು 82 ಡಿಗ್ರಿ ದಕ್ಷಿಣದಲ್ಲಿ. ಜಾಗ ಬದಲಾಗಿಲ್ಲ, ಹವೆ ಬದಲಾಗಿದೆ.

ಪರಾಗ ಗಾಳಿಯಲ್ಲಿ ತೇಲಿ ಬೇರೆ ಕಡೆಯಿಂದ ಬಂದಿರಬಾರದೇಕೆ? ಪೈನ್‌ನಂಥ ಗಾಳಿಚೀಲದ ಪರಾಗ ಸಾವಿರಾರು ಕಿಲೋಮೀಟರ್ ಹಾರಬಲ್ಲದು, ನಿಜ. ಅದಕ್ಕೇ ಒಂದೆರಡು ಕಣ ಸಿಕ್ಕರೆ ಯಾರೂ ಕಾಡು ಕಟ್ಟುವುದಿಲ್ಲ. ಬೂರುಗದ ಬಳಗದ ಕಥೆ ಬೇರೆ. ಅವುಗಳ ಹೂವಿಗೆ ಹಕ್ಕಿ, ಬಾವಲಿ, ಜೇನು ಬರಬೇಕು. ಪರಾಗ ಭಾರ, ಅಂಟು ಹೆಚ್ಚು, ದೂರ ಹಾರದು. ಅದು ಮತ್ತೆ ಮತ್ತೆ ಸಿಕ್ಕರೆ ಮರ ಹತ್ತಿರದಲ್ಲೇ ಇತ್ತು ಎನ್ನಬೇಕು. ಕೆಸರಿನ ಖನಿಜಗಳು ಯಾವ ಬಂಡೆಯಿಂದ ಸವೆದು ಬಂದವು ಎಂದು ನೋಡಿ ಅದರ ಊರನ್ನೂ ಹಿಡಿಯಬಹುದು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಹಳೆಯ ಪರಾಗ ಹೊಸ ಪದರಕ್ಕೆ ಸೇರಿಕೊಂಡರೆ? ಕೆರೆ ಏರಿ ಕುಸಿದಾಗ ನೂರು ವರ್ಷದ ಹಳೆಯ ಮಣ್ಣು ಈ ವರ್ಷದ ಗೋಡಿಗೆ ಬೆರೆಯುವಂತೆ, ಮಂಜುಗಡ್ಡೆಯೂ ಹಳೆಯ ಬಂಡೆಯನ್ನು ಕೆರೆದು ಅದರೊಳಗಿನ ಪರಾಗವನ್ನು ಹೊಸ ಕೆಸರಿಗೆ ಸೇರಿಸುತ್ತದೆ. ಅಂಟಾರ್ಟಿಕಾದಲ್ಲಿ ಇದು ನಿತ್ಯದ ತಲೆನೋವು. ಒಂದು ಸುಳಿವು ಬಣ್ಣ. ಭೂಮಿಯ ಆಳದಲ್ಲಿ ಬೆಂದ ಪರಾಗ ತಿಳಿಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಹಂಚಿನ ಮೇಲಿಟ್ಟ ರೊಟ್ಟಿ ಎಷ್ಟು ಹೊತ್ತಾಯಿತು ಎಂದು ಬಣ್ಣವೇ ಹೇಳುವುದಿಲ್ಲವೇ? ಹಳದಿ ಕಣಗಳ ನಡುವೆ ಕಪ್ಪು ಕಣ ಕಂಡರೆ ಅದು ಬೇರೆ ಕಾಲದ್ದು ಎಂದು ಪಕ್ಕಕ್ಕಿಡುತ್ತಾರೆ. ಎಲ್ಲ ಸಂದರ್ಭದಲ್ಲೂ ಇಷ್ಟು ಸುಲಭವಾಗಿ ಬೇರ್ಪಡಿಸಲು ಆಗುವುದಿಲ್ಲ, ವಾದಗಳು ಏಳುವುದು ಅಲ್ಲೇ.

ಅಂದ ಹಾಗೆ, ಚಿಕ್ಕನಾಯಕನಹಳ್ಳಿಯ ಅದಿರಿನ ಬೆಟ್ಟಗಳಲ್ಲೋ ಸಿದ್ಧರಬೆಟ್ಟದ ಬಂಡೆಯಲ್ಲೋ ಹುಡುಕಿದರೆ ಇಂಥ ಪರಾಗ ಸಿಕ್ಕೀತೇ ಎಂದು ಕೇಳುವವರಿದ್ದಾರೆ. ಸಿಗುವುದಿಲ್ಲ. ನಮ್ಮ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಳೆಯವು. ನೆಲದ ಮೇಲೆ ಮೊದಲ ಸಸ್ಯ ಹುಟ್ಟಿದ್ದೇ ಸುಮಾರು 47 ಕೋಟಿ ವರ್ಷಗಳ ಹಿಂದೆ.

ಹಸಿರು ಹೋದದ್ದು ಯಾವಾಗ, ಈಗ ಇದೇಕೆ ಬೇಕು?

ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಟಿಕಾದ ಮೇಲೆ ದೊಡ್ಡ ಪ್ರಮಾಣದ ಮಂಜುಗಡ್ಡೆ ಕಟ್ಟತೊಡಗಿತು. ಪರಾಗದಲ್ಲಿ ಇದು ಹಂತ ಹಂತವಾಗಿ ಕಾಣುತ್ತದೆ. ಮೊದಲು ತಾಳೆ, ಬೂರುಗ ಮಾಯ. ನೊಥೋಫಾಗಸ್ ಉಳಿಯಿತಾದರೂ ಕುಬ್ಜವಾಗಿ ಪೊದೆಯಂತಾಯಿತು. ನಡುವೆ ಒಮ್ಮೆ, ಸುಮಾರು 1.5 ಕೋಟಿ ವರ್ಷಗಳ ಹಿಂದೆ, ಹವೆ ಬೆಚ್ಚಗಾಗಿ ರಾಸ್ ಕಡಲಿನ ಕೆಸರಿನಲ್ಲಿ ಪರಾಗ ಮತ್ತೆ ಹೆಚ್ಚಿತು. ಅಂಟಾರ್ಟಿಕ ಪರ್ಯಾಯ ದ್ವೀಪದ ತುದಿಯಲ್ಲಿ ಉಳಿದಿದ್ದ ಕುರುಚಲು ಹಸಿರು ಸುಮಾರು 1.28 ಕೋಟಿ ವರ್ಷಗಳ ಹಿಂದಿನವರೆಗೂ ಕಾಣುತ್ತದೆ, ಆಮೇಲೆ ಇಲ್ಲ. ಈಗ ಇಡೀ ಖಂಡದಲ್ಲಿ ಸಹಜವಾಗಿ ಬೆಳೆಯುವ ಹೂಬಿಡುವ ಸಸ್ಯಗಳು ಎರಡೇ: ಒಂದು ಹುಲ್ಲು, ಒಂದು ಹಾವಸೆಯಂತೆ ನೆಲಕ್ಕಂಟಿದ ಪುಟ್ಟ ಗಿಡ.

ಇದೆಲ್ಲ ಈಗ ಸುದ್ದಿಯಾಗುವುದಕ್ಕೆ ಕಾರಣ ಗಾಳಿಯ ಇಂಗಾಲದ ಡೈಆಕ್ಸೈಡ್. ಕಾರ್ಖಾನೆಗಳ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲಿತ್ತು, ಈಗ 420 ದಾಟಿದೆ. ಅಮುಂಡ್ಸೆನ್ ಕಾಡಿಗೆ ಬೇಕಾದ ಬೆಚ್ಚನೆ ಹವೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತರಲು ಹೋದಾಗ 1,120ರಿಂದ 1,680 ಪಾಲಿನಷ್ಟು ಬೇಕಾಯಿತು. ಅದೂ ನೆಲದ ಮೇಲೆ ಮಂಜುಗಡ್ಡೆ ಇಲ್ಲದೆ, ದಟ್ಟ ಹಸಿರಿದ್ದರೆ ಮಾತ್ರ. ಬಿಳಿ ಮಂಜು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಕಡು ಹಸಿರು ಕಾಡು ಹೀರಿಕೊಳ್ಳುತ್ತದೆ. ನೂರು ವರ್ಷ ಮುಂದಿನ ಹವೆಯನ್ನು ಹೇಳುವ ಕಂಪ್ಯೂಟರ್ ಲೆಕ್ಕ ನಂಬಬಹುದೇ ಎಂದು ಪರೀಕ್ಷಿಸಲು ಹಿಂದಿನ ಬೆಚ್ಚನೆಯ ಕಾಲವನ್ನು ಅದಕ್ಕೆ ಕೊಟ್ಟು ನೋಡುತ್ತಾರೆ. ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡಲು ಪರಾಗದ ಲೆಕ್ಕ ಬೇಕು.

ಚಿಕ್ಕಪ್ಪ ಎಲ್ಲವನ್ನೂ ಕೇಳಿ, ಕನ್ನಡಕ ಏರಿಸಿ, ಮೊಬೈಲ್ ತೆಗೆದರು. ಆ ಚಿತ್ರವನ್ನು ಅಳಿಸುತ್ತಾರೆ ಎಂದುಕೊಂಡೆ. ಅಳಿಸಲಿಲ್ಲ. ಅದರ ಕೆಳಗೆ ಒಂದೊಂದೇ ಅಕ್ಷರ ಒತ್ತಿ ಬರೆದರು: ‘ತೆಂಗಲ್ಲ, ತೆಂಗಿನ ದಾಯಾದಿ. ಹಿಮ ಬೀಳುವುದಕ್ಕಿಂತ ಮುಂಚಿನ ಮಾತು.’ ಎರಡು ನಿಮಿಷಕ್ಕೆ ಗುಂಪಿನಲ್ಲಿ ಮರುಪ್ರಶ್ನೆ ಬಂತು, ಇವತ್ತು ಕೊಬ್ಬರಿ ಎಷ್ಟಕ್ಕೆ ಹೋಯಿತು ಎಂದು.